ಗಾಳಿ ತೆಗೆಯಲಾಗುವುದು

ಏಳು ವರ್ಷದ ಹಿಂದೆ ನಮ್ಮ ಕಾಲೇಜು ವಿಶ್ವವಿದ್ಯಾಲಯವಾಯಿತು. ಗೇಟಿನ ಮೇಲಿನ ಬೋರ್ಡು ಬದಲಾಯಿತು, ಕಾಂಪೌಂಡು ಇದ್ದಲ್ಲೇ ಉಳಿಯಿತು. ಹಳೇ ಬೆಂಗಳೂರಿನ ನಟ್ಟನಡುವೆ, ಒಂದು ಬದಿಗೆ ಆಂಜನೇಯನ ಗುಡಿ, ಇನ್ನೊಂದು ಬದಿಗೆ ಕಲ್ಯಾಣಮಂಟಪ, ಬೆನ್ನಿಗೆ ರಾಜಕಾಲುವೆ. ಯಾವ ಕಡೆಗೂ ಒಂದಡಿ ಸರಿಯುವಂತಿಲ್ಲದ ಮೂರೂವರೆ ಎಕರೆ. ಜ್ಞಾನಭಾರತಿಯವರಿಗೆ ಸಾವಿರ ಎಕರೆಗೂ ಮೀರಿದ ನೆಲವಿದೆ, ಅವರು ಬೇಕಾದರೆ ಕಾಡನ್ನೇ ಬೆಳೆಸಬಹುದು, ಬೆಳೆಸಿದ್ದಾರೆ ಕೂಡ. ನಮಗಿದ್ದದ್ದು ಒಂದು ವಾಲಿಬಾಲ್ ಕೋರ್ಟು. ಮೊದಲು ಪ್ರಿನ್ಸಿಪಾಲರು ಒಬ್ಬರೇ ಇದ್ದರು, ಅವರದ್ದೊಂದು ಹಳೇ ಕಾರಿತ್ತು. ಈಗ ಕುಲಪತಿಗಳು, ಕುಲಸಚಿವರು, ಮೌಲ್ಯಮಾಪನದ ಕುಲಸಚಿವರು, ಹಣಕಾಸು ಅಧಿಕಾರಿ. ಒಬ್ಬೊಬ್ಬರಿಗೂ ಒಂದು ಕಾರು, ಕಾರಿಗೊಬ್ಬ ಡ್ರೈವರು, ಆ ಡ್ರೈವರು ಮನೆಯಿಂದ ಬರಲು ಒಂದು ಬೈಕು. ಉನ್ನತ ಶಿಕ್ಷಣ ಹೀಗೆ ಬೆಳೆದಂತೆಲ್ಲ ವಾಲಿಬಾಲ್ ಕೋರ್ಟು ಸವೆಯುತ್ತ ಬಂತು. ಕೊನೆಗೆ ನೆಟ್ಟಿನ ಎರಡು ಕಂಬ ಉಳಿದವು. ಅವಕ್ಕೂ ಯಾರೋ ಹೆಲ್ಮೆಟ್ ನೇತುಹಾಕತೊಡಗಿದರು.

ವಿಶ್ವವಿದ್ಯಾಲಯವೆಂದ ಮೇಲೆ ಸಮಿತಿಗಳು ಬೇಕು. ಭತ್ಯೆ ಇರುವ ಸಮಿತಿಗಳು ವಿಜ್ಞಾನದವರಿಗೆ ಹೋದವು, ಭಾಷಣ ಇರುವಂಥವು ಕನ್ನಡದವರಿಗೆ. ಭತ್ಯೆಯೂ ಇಲ್ಲದ, ಭಾಷಣವೂ ಇಲ್ಲದ ಒಂದು ಉಳಿದಿತ್ತು: ವಾಹನ ನಿಲುಗಡೆ ನಿರ್ವಹಣಾ ಸಮಿತಿ. ನಿವೃತ್ತಿಗೆ ಮೂರು ವರ್ಷ ಬಾಕಿಯಿದ್ದ ನಾನು ಅದರ ಸಂಚಾಲಕನಾದೆ. ಆದೇಶದ ಪ್ರತಿ ಕೈಗಿಟ್ಟ ಅಟೆಂಡರು, 'ಇನ್ಮೇಲೆ ನೀವೇ ನೋಡ್ಕೋಬೇಕು ಸಾರ್' ಎಂದ. ಅವನ ಗಾಡಿ ಆಗಲೇ ನನ್ನ ಕೊಠಡಿಯ ಕಿಟಕಿಯ ಕೆಳಗೆ ನಿಂತಿತ್ತು.

ಮೊದಲ ಕೆಲಸ ಬೋರ್ಡಿನ ಭಾಷೆ ತಿದ್ದುವುದು. ಗೇಟಿನ ಪಕ್ಕ ಕೆಂಪು ಪೇಂಟಿನಲ್ಲಿ 'ಇಲ್ಲಿ ಗಾಡಿ ನಿಲ್ಲಿಸಿದರೆ ಗಾಳಿ ತೆಗೆಯಲಾಗುವುದು' ಎಂದು ಬರೆದಿತ್ತು. ಬೆಂಗಳೂರಿನ ಬೀದಿಬೀದಿಯ ಗೇಟಿನ ಮೇಲೆ ಈ ವಾಕ್ಯ ಓದಿದ್ದೇನೆ. ನಿಂತು ಯೋಚಿಸಿದ್ದು ಅವತ್ತೇ. ಕನ್ನಡಕ್ಕೆ ಕರ್ಮಣಿ ಪ್ರಯೋಗ ಒಗ್ಗುವುದಿಲ್ಲ, 'ರಾಮನಿಂದ ರಾವಣನು ಕೊಲ್ಲಲ್ಪಟ್ಟನು' ಎಂದು ನಮ್ಮಲ್ಲಿ ಯಾರೂ ಮಾತಾಡುವುದಿಲ್ಲ ಎಂದು ಮೂವತ್ತು ವರ್ಷ ಪಾಠ ಮಾಡಿದವನು ನಾನು. ಅದು ಎಲ್ಲೂ ಸತ್ತಿಲ್ಲ, ಗೇಟುಗಳ ಮೇಲೆ ನೆಮ್ಮದಿಯಾಗಿದೆ. ಗಾಳಿ ತೆಗೆಯುವವರು ಯಾರು? ಹೇಳಿಲ್ಲ. ಯಾವ ಅಧಿಕಾರದಿಂದ? ಹೇಳಿಲ್ಲ. ಒಂದು ಚಕ್ರದ್ದೋ ಎರಡರದ್ದೋ? ಅದೂ ಇಲ್ಲ. ಕರ್ತೃ ಕಾಂಪೌಂಡಿನ ಹಿಂದೆ ಅಡಗಿ ಕೂತಿದ್ದಾನೆ, ಕರ್ಮ ಮಾತ್ರ ವಿದ್ಯಾರ್ಥಿಯದು. ನಾನು ವಾಚ್‌ಮನ್‌ ತಾತನನ್ನು ಕರೆದು, 'ಎಷ್ಟು ಗಾಡಿದು ಗಾಳಿ ತೆಗೆದಿದೀಯಪ್ಪಾ?' ಎಂದು ಕೇಳಿದೆ. ಅವನು ಗಾಬರಿಯಾದ. 'ನಾನ್ ತೆಗೀಬೇಕಾ ಸಾರ್? ಬಗ್ಗಕ್ಕಾಗಲ್ಲ, ಮಂಡಿ ನೋವು.' ಬೋರ್ಡನ್ನು ಹಾಗೇ ಬಿಟ್ಟೆ. ಅದಕ್ಕಿಂತ ಒಳ್ಳೆಯ ಕನ್ನಡ ನನಗೂ ಹೊಳೆಯಲಿಲ್ಲ.

ನಾನು ಮಾನಸಗಂಗೋತ್ರಿಯಲ್ಲಿ ಎಂ.ಎ. ಓದುತ್ತಿದ್ದಾಗ, 1988ರ ಸುಮಾರಿಗೆ, ಸೈಕಲ್ಲನ್ನು ಯಾವ ಮರಕ್ಕೆ ಒರಗಿಸಿದರೆ ಅದೇ ಸ್ಟ್ಯಾಂಡು. ಹಾಸ್ಟೆಲಿನಲ್ಲಿ ಒಬ್ಬನ ಹತ್ತಿರ ಮಾತ್ರ ಯೆಜ್ಡಿ ಇತ್ತು. ಮೈಸೂರಲ್ಲೇ ತಯಾರಾಗುತ್ತಿದ್ದ ಗಾಡಿ ಅದು. 1996ರಲ್ಲಿ ಆ ಕಾರ್ಖಾನೆಗೆ ಬೀಗ ಬಿತ್ತು. ಅವನು ಜಾಗ ಹುಡುಕಿದ್ದನ್ನು ನಾನು ಕಾಣೆ. ಅವನ ಗಾಡಿ ಎಲ್ಲಿ ನಿಂತಿತೋ ಅಲ್ಲಿಗೆ ನಾವೇ ಹೋಗಿ ಸುತ್ತ ನಿಲ್ಲುತ್ತಿದ್ದೆವು. ಈಗ ಗಾಡಿಗಳ ನಡುವೆ ಹುಡುಗರು ನಿಲ್ಲಲು ಜಾಗ ಹುಡುಕುತ್ತಾರೆ.

ಸಂಚಾಲಕನಾದ ಉತ್ಸಾಹದಲ್ಲಿ ಒಂದು ಭಾನುವಾರ ಟೇಪು ಹಿಡಿದು ಹೋದೆ. ಒಂದು ಕಾರಿಗೆ ಎರಡೂವರೆ ಮೀಟರು ಅಗಲ, ಐದು ಮೀಟರು ಉದ್ದ. ದ್ವಿಚಕ್ರಕ್ಕೆ ಎರಡು ಮೀಟರು ಉದ್ದ, ಒಂದು ಮೀಟರು ಅಗಲ ಕೊಟ್ಟರೆ ಧಾರಾಳವಾಯಿತು. ಅಂದರೆ ಒಂದು ಕಾರಿನ ಜಾಗದಲ್ಲಿ ಆರು ಗಾಡಿ. ಹಣಕಾಸು ಅಧಿಕಾರಿಗಳ ನೆರಳಿನಲ್ಲಿ ಆರು ವಿದ್ಯಾರ್ಥಿಗಳು ನಿಲ್ಲಬಹುದು. ಕುತೂಹಲಕ್ಕೆ ತರಗತಿಯ ಬೆಂಚನ್ನೂ ಅಳೆದೆ: ಒಬ್ಬೊಬ್ಬನ ಪಾಲಿಗೆ ಒಂದೂವರೆ ಅಡಿ ಚಿಲ್ಲರೆ. ಹುಡುಗನಿಗೆ ಕೊಟ್ಟಿದ್ದಕ್ಕಿಂತ ಹೆಚ್ಚು ಜಾಗವನ್ನು ಅವನ ಗಾಡಿ ಕೇಳುತ್ತದೆ. ಸಿಗುವುದಿಲ್ಲ ಅನ್ನುವುದು ಬೇರೆ ಮಾತು. ನಮ್ಮ ಸ್ಟ್ಯಾಂಡಿನಲ್ಲಿ ಗಾಡಿಗಳು ಬೆಂಕಿಪೊಟ್ಟಣದ ಕಡ್ಡಿಗಳ ಹಾಗೆ ಒತ್ತಿಕೊಂಡಿರುತ್ತವೆ. ಮಧ್ಯದ ಒಂದನ್ನು ಹೊರತರಬೇಕಾದರೆ ನಾಲ್ಕನ್ನು ಸರಿಸಬೇಕು, ಆ ನಾಲ್ಕಕ್ಕೆ ಇನ್ನೆರಡನ್ನು.

ಇಂಥ ಇಕ್ಕಟ್ಟಿನಲ್ಲಿ ತಾನಾಗಿಯೇ ಒಂದು ಧರ್ಮಶಾಸ್ತ್ರ ಹುಟ್ಟಿಕೊಂಡಿದೆ. ಯಾವ ಸಮಿತಿಯೂ ಅದನ್ನು ಬರೆದಿಲ್ಲ. ಗಾಡಿಯನ್ನು ನ್ಯೂಟ್ರಲ್‌ನಲ್ಲಿ ಬಿಡಬೇಕು. ಹ್ಯಾಂಡಲ್ ಲಾಕ್ ಹಾಕಬಾರದು. ಹಾಕಿದವನು ಮಹಾಪಾಪಿ, ಅವನ ಸೀಟಿನ ಮೇಲೆ ಕಾಗೆಯೂ ಕೂರುವುದಿಲ್ಲವೆಂದು ಹುಡುಗರ ನಂಬಿಕೆ. ಸೈಡ್ ಸ್ಟ್ಯಾಂಡ್ ಹಾಕುವವನು ಸ್ವಾರ್ಥಿ, ಅವನ ಗಾಡಿ ಪಕ್ಕದವನ ಮೇಲೆ ವಾಲುತ್ತದೆ. ಡಬಲ್ ಸ್ಟ್ಯಾಂಡ್ ಹಾಕುವವನು ಸಭ್ಯ, ಆದರೆ ಅವನ ಗಾಡಿಯನ್ನು ಸರಿಸುವಾಗ ಬೇರೆಯವರ ಸೊಂಟ ಹಿಡಿಯುತ್ತದೆ. ಬಿದ್ದ ಗಾಡಿಯನ್ನು ಯಾರು ಬೀಳಿಸಿದರೆಂದು ಕೇಳಬಾರದು, ಎತ್ತಿ ನಿಲ್ಲಿಸಬೇಕು. ಒಂದು ಬಿದ್ದರೆ ಸಾಲೇ ಬೀಳುತ್ತದೆ. ಅಷ್ಟು ದೂರದ ಮೊದಲ ಗಾಡಿಗೂ ಕೊನೆಯ ಗಾಡಿಯ ಒಡೆದ ಇಂಡಿಕೇಟರಿಗೂ ಸಂಬಂಧ ಹಚ್ಚಲು ನಮ್ಮ ತರ್ಕಶಾಸ್ತ್ರದ ಮೇಷ್ಟ್ರಿಗೂ ಆಗಲಿಕ್ಕಿಲ್ಲ.

ನೆರಳಿನ ವಿಷಯ ಇನ್ನೂ ಸೂಕ್ಷ್ಮ. ಕ್ಯಾಂಪಸ್ಸಿನಲ್ಲಿ ಎರಡು ಹೊಂಗೆ, ಒಂದು ಮಳೆಮರ, ಒಂದು ಅತ್ತಿಮರ ಇವೆ. ಹೊಂಗೆಯ ನೆರಳು ತಣ್ಣಗಿರುವುದರಿಂದ ಅದು ಬೋಧಕರದು. ನನ್ನ ಸ್ಕೂಟರೂ ಅಲ್ಲೇ, 'ಕನ್ನಡ ವಿಭಾಗ' ಎಂದು ಸುಣ್ಣದಲ್ಲಿ ಬರೆದ ಚೌಕದಲ್ಲಿ. ಅತ್ತಿಮರದ್ದು ವಿದ್ಯಾರ್ಥಿಗಳಿಗೆ. ಹಣ್ಣು ಸೀಟಿನ ಮೇಲೆ ಬಿದ್ದು ಒಡೆಯುತ್ತದೆ, ಹಣ್ಣು ತಿನ್ನಲು ರಾತ್ರಿ ಬಾವಲಿ, ಹಗಲು ಹಕ್ಕಿ ಬರುತ್ತವೆ, ಬಂದವು ಸುಮ್ಮನೆ ಹೋಗುವುದಿಲ್ಲ. ಮೊದಲ ವರ್ಷದ ಹುಡುಗರು ಅತ್ತಿಯ ಕೆಳಗೆ ಹೊಸ ಗಾಡಿ ನಿಲ್ಲಿಸಿ, ಸಂಜೆ ಕರ್ಚೀಫು ಹಿಡಿದು ಒರೆಸುತ್ತ ವಿಶ್ವವಿದ್ಯಾಲಯದ ಮೊದಲ ಪಾಠ ಕಲಿಯುತ್ತಾರೆ.

ಈ ಗಾಡಿಗಳು ಹೊರಗೇ ಉಳಿಯುವುದಿಲ್ಲ, ತರಗತಿಯ ಒಳಗೂ ಬಂದು ಕೂರುತ್ತವೆ. ಒಮ್ಮೆ ರಾಘವಾಂಕನ ಹರಿಶ್ಚಂದ್ರಕಾವ್ಯ ಮಾಡುತ್ತಿದ್ದೆ. ಸ್ಮಶಾನದ ಪ್ರಸಂಗ. ಹೆತ್ತ ಮಗ ಲೋಹಿತಾಶ್ವನ ಹೆಣ ಮುಂದಿದ್ದರೂ ಹರಿಶ್ಚಂದ್ರ ಸುಡುವ ತೆರಿಗೆ ಕೇಳುತ್ತಾನೆ, ಚಂದ್ರಮತಿಯ ಹತ್ತಿರ ಕೊಡಲು ಏನೂ ಇಲ್ಲ. ತರಗತಿ ಉಸಿರು ಹಿಡಿದಿತ್ತು, ಒಬ್ಬ ಹುಡುಗಿಯ ಕಣ್ಣು ತುಂಬಿತ್ತು ಕೂಡ. ಅಷ್ಟರಲ್ಲಿ ಹೊರಗೆ ಯಾವುದೋ ಗಾಡಿಯ ಅಲಾರಂ ಕೂಗಿಕೊಂಡಿತು. ಅರ್ಧ ತರಗತಿ ಕಿಟಕಿಗೆ ಧಾವಿಸಿತು. 'ಯಾರ್ದೋ? ಯಾರ್ದೋ?' 'ಕಪ್ಪು ಸ್ಕೂಟಿ!' ಕಣ್ಣು ತುಂಬಿದ್ದ ಹುಡುಗಿಯೇ ಕೀಲಿ ಹಿಡಿದು ಓಡಿದಳು. ಲೋಹಿತಾಶ್ವ ಅವತ್ತು ಹಾಗೇ ಮಲಗಿದ್ದ. ಮರುದಿನದ ತರಗತಿಯಲ್ಲಿ ಅವನನ್ನು ಎಬ್ಬಿಸಿದೆ.

ಸಮಿತಿಯ ಮೊದಲ ಸಭೆ ಎರಡು ಗಂಟೆ ನಡೆಯಿತು. ರಸಾಯನಶಾಸ್ತ್ರದವರು ಬಣ್ಣಬಣ್ಣದ ಸ್ಟಿಕ್ಕರು ಅಂದರು: ಬೋಧಕರಿಗೆ ಹಸಿರು, ಸಿಬ್ಬಂದಿಗೆ ನೀಲಿ, ವಿದ್ಯಾರ್ಥಿಗಳಿಗೆ ಹಳದಿ. ವಾರ ಕಳೆಯುವುದರೊಳಗೆ ಅವೆನ್ಯೂ ರಸ್ತೆಯಲ್ಲಿ ಮೂರೂ ಬಣ್ಣ ಸಿಗುವ ಹಾಗಾಯಿತು. ಶಿಸ್ತು ಸಮಿತಿಯವರು ಶೇಕಡಾ 75 ಹಾಜರಾತಿ ಇದ್ದವರಿಗೆ ಮಾತ್ರ ಪಾಸು ಅಂದರು. ವಿದ್ಯಾರ್ಥಿ ಪ್ರತಿನಿಧಿ ಎದ್ದು, 'ಪಾರ್ಕಿಂಗ್ ಸಿಗದೇ ಇದ್ದಿದ್ದಕ್ಕೇ ಹಾಜರಾತಿ ಹೋಗಿರೋದು ಸಾರ್' ಎಂದ. ಬೀಜವೃಕ್ಷ ನ್ಯಾಯ, ಅಲ್ಲಿಗೆ ಅದು ನಿಂತಿತು. ಅರ್ಥಶಾಸ್ತ್ರದ ಮೇಷ್ಟ್ರು ಮಾತ್ರ ಓದಿಕೊಂಡು ಬಂದಿದ್ದರು. ಕ್ಯಾಲಿಫೋರ್ನಿಯಾದ ಡೊನಾಲ್ಡ್ ಶೂಪ್ ಎಂಬ ಪ್ರಾಧ್ಯಾಪಕ ಬಿಟ್ಟಿ ಪಾರ್ಕಿಂಗಿನ ದುಬಾರಿತನದ ಮೇಲೆಯೇ 2005ರಲ್ಲಿ ಒಂದು ದಪ್ಪ ಪುಸ್ತಕ ಬರೆದಿದ್ದಾರಂತೆ. ಬಿಟ್ಟಿ ಅನ್ನುವುದು ಸುಳ್ಳು, ಅದರ ಖರ್ಚನ್ನು ಗಾಡಿ ಇಲ್ಲದವರೂ ಸೇರಿ ಎಲ್ಲರೂ ಕಟ್ಟುತ್ತಿರುತ್ತಾರೆ, ಬೆಲೆಯಿಟ್ಟರೆ ಜಾಗ ತಾನಾಗಿ ಖಾಲಿಯಾಗುತ್ತದೆ ಎಂಬುದು ವಾದ. ನನಗೆ ಒಪ್ಪಿಗೆಯಾಯಿತು. 'ಹಾಗಾದ್ರೆ ಮೊದಲು ಕಾರುಗಳಿಗೆ ಬೆಲೆಯಿಡೋಣ, ಆರು ಗಾಡಿ ಜಾಗ ಹಿಡಿಯುತ್ತವಲ್ಲ' ಅಂದೆ. ಸಭೆ ಚಹಾಕ್ಕೆ ಎದ್ದಿತು.

ಬಸ್ಸಿನಲ್ಲಿ ಬನ್ನಿ ಅನ್ನುವುದು ನಮಗೆ ಸುಲಭ. 2023ರ ಜೂನ್‌ನಲ್ಲಿ ಶಕ್ತಿ ಯೋಜನೆ ಬಂದಾಗ ಹೆಣ್ಣುಮಕ್ಕಳ ಸ್ಕೂಟರು ಅರ್ಧಕ್ಕರ್ಧ ಇಳಿಯುತ್ತದೆಂದು ನಾವು ಲೆಕ್ಕ ಹಾಕಿದ್ದೆವು. ಇಳಿದದ್ದು ಕಾಣಲಿಲ್ಲ. ಒಬ್ಬಳನ್ನು ಕೇಳಿದೆ. 'ಬಸ್ಸು ಫ್ರೀ ಸಾರ್, ಆದ್ರೆ ಕಾಲಿಡಕ್ಕೆ ಜಾಗ ಇಲ್ಲ. ಅಲ್ಲೂ ಪಾರ್ಕಿಂಗ್ ಪ್ರಾಬ್ಲಮ್ಮೇ' ಅಂದಳು.

ಅಮೆರಿಕದಲ್ಲಿರುವ ನನ್ನ ಹಳೆಯ ವಿದ್ಯಾರ್ಥಿಯೊಬ್ಬ ರಜೆಗೆ ಬಂದಾಗ ನನ್ನ ಹೊಸ ಪದವಿಯನ್ನು ಕೇಳಿ ಬಹಳ ನಕ್ಕ. ಅಲ್ಲಿಯ ಕ್ಯಾಂಪಸ್ಸುಗಳಲ್ಲಿ ದುಡ್ಡು ಕೊಟ್ಟು ಪಾಸು ಕೊಂಡರೂ ಜಾಗ ಸಿಗುವ ಖಾತ್ರಿಯಿಲ್ಲವಂತೆ. ಬೇಟೆಗೆ ಲೈಸೆನ್ಸು ಕೊಟ್ಟ ಹಾಗೆ, ಮೃಗವನ್ನು ನೀವೇ ಹುಡುಕಿಕೊಳ್ಳಬೇಕು ಎಂದು ಅಲ್ಲಿ ತಮಾಷೆ. ಬರ್ಕ್ಲಿಯ ವಿಶ್ವವಿದ್ಯಾಲಯದಲ್ಲಿ ನೊಬೆಲ್ ಪ್ರಶಸ್ತಿ ಬಂದ ಪ್ರಾಧ್ಯಾಪಕರಿಗೆ ಕೊಡುವ ದೊಡ್ಡ ಮರ್ಯಾದೆಯೆಂದರೆ ಕಾರು ನಿಲ್ಲಿಸಲು ಕಾಯ್ದಿಟ್ಟ ಜಾಗವೆಂದೂ ಹೇಳಿದ. ನಾನು ಸುಣ್ಣದ ಚೌಕವನ್ನು ನೆನೆದು ಸ್ವಲ್ಪ ಹೊತ್ತು ಸುಮ್ಮನಿದ್ದೆ. ಯಾವ ಸಂಶೋಧನೆಯೂ ಇಲ್ಲದೆ ಸಿಕ್ಕಿದ್ದು.

ಒಳಗೆ ಜಾಗ ಸಿಗದವರು ಬೀದಿಗೆ ಹೋಗುತ್ತಾರೆ. ಬೀದಿಯಲ್ಲಿ ಬೇರೆ ಪಂಚಾಂಗ: ಬೆಸ ದಿನ ಒಂದು ಪಕ್ಕ, ಸಮ ದಿನ ಇನ್ನೊಂದು ಪಕ್ಕ. ಬೆಳಿಗ್ಗೆ ತಾರೀಖು ಗೊತ್ತಿಲ್ಲದೆ ಏಳುವ ವಯಸ್ಸಿನವರಿಗೆ ಇದು ಕಷ್ಟವೇ. ಪಕ್ಕ ಬದಲಿಸಿ ಬದಲಿಸಿ ರೂಢಿಯಾದವನು 31ರ ಮರುದಿನ ಮೋಸಹೋಗುತ್ತಾನೆ. ಮೂವತ್ತೊಂದೂ ಬೆಸ, ಒಂದೂ ಬೆಸ. 'ಟೈಗರ್' ಓಡಾಡುತ್ತಿದ್ದ ಕಾಲದಲ್ಲಿ ಅದು ಬಂದರೆ ನಮ್ಮ ತರಗತಿಗಳು ಬರಿದಾಗುತ್ತಿದ್ದವು. ಸಂಚಾರ ಪೊಲೀಸರ ಎತ್ತುವ ಲಾರಿಗೆ ಆ ಹೆಸರು. ಧ್ವನಿವರ್ಧಕದಲ್ಲಿ ಗಾಡಿ ನಂಬರು ಕೂಗುವುದು ಕೇಳಿದರೆ ಸಾಕು, ಹಾಜರಿಯಲ್ಲಿ ಹೆಸರು ಕೂಗಿದಾಗ ಮಿಸುಕದವರು ಕಿಟಕಿ ಹಾರುತ್ತಿದ್ದರು. 2022ರ ಆರಂಭದಲ್ಲಿ ಸರ್ಕಾರ ಆ ಎತ್ತುವಿಕೆಯನ್ನು ನಿಲ್ಲಿಸಿದಾಗ ಹುಡುಗರು ಸಿಹಿ ಹಂಚಿದರು. ನನಗೂ ಒಂದು ಮೈಸೂರುಪಾಕು ಬಂತು.

ಅದಾದ ಮೇಲೂ ತಡವಾಗಿ ಬರುವವರು ಬರುತ್ತಲೇ ಇದ್ದರು. ಎಂಟೂವರೆಯ ನನ್ನ ತರಗತಿಗೆ ದಿನವೂ ಎಂಟೂ ಮುಕ್ಕಾಲಿಗೆ ಹೆಲ್ಮೆಟ್ ಹಿಡಿದು ಬಾಗಿಲಲ್ಲಿ ನಿಲ್ಲುತ್ತಿದ್ದವನು ಕಗ್ಗಲೀಪುರದ ಹುಡುಗ. ಅಪ್ಪನ ಹಳೇ ಸ್ಪ್ಲೆಂಡರಿನಲ್ಲಿ ಕನಕಪುರ ರಸ್ತೆ ಹಿಡಿದು ಬರುತ್ತಿದ್ದ. ಒಂದು ದಿನ ಕರೆದು ಬುದ್ಧಿ ಹೇಳಿದೆ. 'ರೇಷ್ಮೆ ಸಂಸ್ಥೆ ಹತ್ರ ಗಾಡಿ ಬಿಟ್ಟು ಮೆಟ್ರೋ ಹತ್ತಬಾರದೇನಯ್ಯಾ? ಅಲ್ಲೀವರೆಗೆ ರೈಲು ಬಂದು ವರ್ಷಗಳಾದವು.' ಅವನು ನೆಲ ನೋಡುತ್ತ ಲೆಕ್ಕ ಹೇಳಿದ. ಅಲ್ಲೂ ಪಾರ್ಕಿಂಗಿಗೆ ದುಡ್ಡು, ಆಮೇಲೆ ಹೋಗಿಬರುವ ಟಿಕೆಟ್ಟು, ಎರಡೂ ಸೇರಿದರೆ ಪೆಟ್ರೋಲಿಗಿಂತ ಹೆಚ್ಚು. ಅದಲ್ಲದೆ ಕಾಲೇಜು ಬಿಟ್ಟ ಮೇಲೆ ರಾತ್ರಿ ಹತ್ತರವರೆಗೆ ಮನೆಮನೆಗೆ ಊಟ ತಲುಪಿಸುವ ಕೆಲಸ. 'ಗಾಡಿ ಅಲ್ಲಿ ಬಿಟ್ಟು ಬಂದ್ರೆ ಕೆಲಸಕ್ಕೆ ಏನ್ ತಗೊಂಡೋಗ್ಲಿ ಸಾರ್?' ಅವನಿಗೆ ಪಾಸು ಕೊಡಿಸೋಣವೆಂದು ಪಟ್ಟಿ ತೆಗೆದೆ. ತುಂಬಿತ್ತು. ಕಾಯುವವರ ಪಟ್ಟಿಯೇ ಎರಡು ಪುಟ. ನನ್ನ ಚೌಕದಲ್ಲಿ ನಿಲ್ಲಿಸು ಅನ್ನುವ ಮಾತು ನಾಲಿಗೆಯ ತುದಿಗೆ ಬಂದಿತ್ತು. ಬಂದಷ್ಟೇ ಬೇಗ ವಾಪಸು ಹೋಯಿತು. 'ನೋಡೋಣ' ಅಂದೆ. ನೋಡೋಣ ಅನ್ನುವುದು ವಿಧ್ಯರ್ಥಕ ರೂಪ, ಹೇಳುವುದು ಭವಿಷ್ಯದ ಮಾತಾದರೂ ಅದಕ್ಕೆ ಭವಿಷ್ಯವಿಲ್ಲ.

ಆಶ್ಚರ್ಯವೆಂದರೆ ತಿಂಗಳು ಕಳೆಯುವುದರೊಳಗೆ ಅವನು ಸಮಯಕ್ಕೆ ಸರಿಯಾಗಿ ಬರತೊಡಗಿದ. ಎಂಟೂ ಇಪ್ಪತ್ತೈದಕ್ಕೆ ಮೊದಲ ಬೆಂಚು. ಬಂದರೆ ಸಣ್ಣಗೆ ಮರುಗದ ವಾಸನೆ. ಗಾಡಿ ಎಲ್ಲಿ ನಿಲ್ಲಿಸುತ್ತೀಯ ಎಂದು ಕೇಳಿದರೆ, 'ಗುಡಿ ಸಂದೀಲಿ, ಹೂವಮ್ಮನ ಹತ್ರ' ಎಂದ. ಆಂಜನೇಯನ ಗುಡಿಯ ಪಕ್ಕದ ಸಂದಿಯಲ್ಲಿ ಹೂ ಕಟ್ಟಿ ಮಾರುವವರು ಆಕೆ. ಮುಂಚೆ ನಸುಕಿನಲ್ಲಿ ಕೆ.ಆರ್. ಮಾರ್ಕೆಟ್ಟಿಗೆ ತಾವೇ ಹೋಗಿ ಬಿಡಿ ಹೂವಿನ ಮೂಟೆ ಆಟೋದಲ್ಲಿ ತರುತ್ತಿದ್ದರು. ಈಗ ಹುಡುಗ ಬರುವ ದಾರಿಯಲ್ಲಿ ಮಾರ್ಕೆಟ್ಟಿಗೆ ತಿರುಗಿ, ಆಕೆಯ ವರ್ತನೆಯವರು ಕಟ್ಟಿಟ್ಟ ಸೇವಂತಿಗೆ, ಕಾಕಡ, ಮರುಗವನ್ನು ಟ್ಯಾಂಕಿನ ಮೇಲಿಟ್ಟುಕೊಂಡು ತಂದುಕೊಡುತ್ತಾನೆ. ಆಕೆ ಅಷ್ಟೊತ್ತಿಗೆ ಬುಟ್ಟಿ ಬೋರಲು ಹಾಕಿ ಅವನ ಗಾಡಿಗೆ ಜಾಗ ಹಿಡಿದಿರುತ್ತಾರೆ. ಆಟೋ ದುಡ್ಡು ಆಕೆಗೆ ಉಳಿಯಿತು, ಹಾಜರಾತಿ ಇವನಿಗೆ ಉಳಿಯಿತು. ಸ್ಟಿಕ್ಕರಿಲ್ಲ, ರಸೀದಿಯಿಲ್ಲ, ಕರ್ಮಣಿ ಪ್ರಯೋಗವಂತೂ ಇಲ್ಲವೇ ಇಲ್ಲ. ನಮ್ಮ ಅರ್ಥಶಾಸ್ತ್ರದ ಮೇಷ್ಟ್ರಿಗೆ ಹೇಳಿದೆ. ಅವರು ಸ್ವಲ್ಪ ಯೋಚಿಸಿ, 'ಇದು ಶೂಪ್ ಪುಸ್ತಕದಲ್ಲಿ ಬರಲ್ಲ' ಅಂದರು.

ಆ ವರ್ಷವೇ ವಿದ್ಯಾಸಂಸ್ಥೆಗಳಿಗೆ ದರ್ಜೆ ಕೊಡುವ ನ್ಯಾಕ್‌ನ ತಂಡ ಬರುವುದಿತ್ತು. ಅವರಿಗೆ ಒಪ್ಪಿಸುವ ವರದಿಯಲ್ಲಿ ಹಸಿರು ಕ್ಯಾಂಪಸ್ ಬಗ್ಗೆ ಒಂದು ಭಾಗವಿತ್ತು: ಮೋಟಾರು ವಾಹನಗಳ ಪ್ರವೇಶಕ್ಕೆ ನಿರ್ಬಂಧವಿದೆಯೇ, ಸೈಕಲ್ ಬಳಕೆ ಇದೆಯೇ, ನಡೆಯುವವರಿಗೆ ದಾರಿ ಇದೆಯೇ. ವರ್ಷಾನುಗಟ್ಟಲೆ ಯಾರಿಗೂ ಜಾಗ ಕೊಡಲಾರದೆ ಗೇಟಿನಿಂದ ವಾಪಸು ಕಳಿಸಿದ್ದನ್ನು ನಾನು 'ವಾಹನ ಪ್ರವೇಶಕ್ಕೆ ಕಟ್ಟುನಿಟ್ಟಿನ ನಿರ್ಬಂಧ' ಎಂದು ಒಂದೇ ಸಾಲಿನಲ್ಲಿ ಬರೆದೆ. ಸಂಚಾಲಕನಾಗಿ ನಾನು ಮಾಡಿದ ಅತ್ಯುತ್ತಮ ಕೆಲಸ ಅದು. ಕುಲಸಚಿವರು ಮೆಚ್ಚಿದರು, ಮೆಚ್ಚಿ ಒಂದು ಸುತ್ತೋಲೆಯನ್ನೂ ಹೊರಡಿಸಿದರು: ತಂಡ ಬರುವ ಮೂರು ದಿನ ಯಾರ ವಾಹನವೂ, ಬೋಧಕರದ್ದೂ ಸೇರಿ, ಒಳಗೆ ಬರಕೂಡದು. ವಾಲಿಬಾಲ್ ಕೋರ್ಟಿಗೆ ರಾತ್ರೋರಾತ್ರಿ ಸುಣ್ಣ ಎಳೆದು ನೆಟ್ಟು ಕಟ್ಟಿದರು. ಎಲ್ಲಿಂದಲೋ ನಾಲ್ಕು ಸೈಕಲ್ಲು ತಂದು ನಿಲ್ಲಿಸಿದರು.

ಮೊದಲ ದಿನದ ಸ್ವಾಗತ ಕನ್ನಡ ವಿಭಾಗದ್ದು. ಬೆಳಿಗ್ಗೆ ಎಂಟಕ್ಕೆ ನಾನು ಪಂಚೆಯುಟ್ಟು, ಶಲ್ಯ ಹೊದ್ದು, ಮೂರು ಮೈಸೂರು ಪೇಟದ ಡಬ್ಬಿಯನ್ನು ಸ್ಕೂಟರಿನ ಕಾಲಬಳಿ ಇಟ್ಟುಕೊಂಡು ಗೇಟಿಗೆ ಬಂದೆ. ವಾಚ್‌ಮನ್ ತಾತ ಕೈ ಅಡ್ಡ ಹಿಡಿದ. 'ನಿಮ್ದೇ ಆರ್ಡರ್ ಸಾರ್' ಎಂದ. ನನ್ನದಲ್ಲವೆಂದು ವಾದಿಸಬಹುದಿತ್ತು, ಆದರೆ ಅವನ ತಲೆಯ ಮೇಲೆ ಬೋರ್ಡು ಇತ್ತು. ಬೀದಿಯ ಎರಡೂ ಪಕ್ಕ, ಸಮವೂ ಬೆಸವೂ, ಕಲ್ಯಾಣಮಂಟಪದ ಮದುವೆಯವರ ಕಾರುಗಳು. ಮೂರು ಸುತ್ತು ಹಾಕಿದೆ. ಪಂಚೆ ಗಾಳಿಗೆ ಹಾರುತ್ತಿತ್ತು. ನಾಲ್ಕನೇ ಸುತ್ತಿಗೆ ಗುಡಿಯ ಸಂದಿ ಕಾಣಿಸಿತು. ಹೂವಮ್ಮನ ಪಕ್ಕ, ಗೋಡೆಗೆ ಹೊಂದಿ, ಒಂದು ಗಾಡಿಗಾಗುವಷ್ಟು ಜಾಗ, ನಡುವೆ ಬೋರಲು ಹಾಕಿದ ಬುಟ್ಟಿ.

ಬುಟ್ಟಿ ಸರಿಸಲು ಬಗ್ಗಿದೆ.

'ಅದು ನಮ್ ಹುಡುಗಂದು ಜಾಗ ಸಾರ್' ಎಂದರು ಆಕೆ.

ನಾನು ಅವನ ಮೇಷ್ಟ್ರು ಎಂದೆ. 'ಗೊತ್ತು, ಹೇಳಿದಾನೆ' ಎಂದರು. ಏನು ಹೇಳಿದ್ದಾನೋ ಕೇಳುವ ಧೈರ್ಯ ಬರಲಿಲ್ಲ. ಇವತ್ತೊಂದು ದಿನ, ದೊಡ್ಡವರು ಬರುತ್ತಿದ್ದಾರೆ, ಪೇಟ ಒಳಗೆ ಹೋಗಬೇಕು ಎಂದೆಲ್ಲ ಬಿನ್ನವಿಸಿಕೊಂಡೆ. ಆಕೆ ಡಬ್ಬಿಯನ್ನೂ ನನ್ನ ಶಲ್ಯವನ್ನೂ ನೋಡಿದರು. 'ಬೇಕಾದ್ರೆ ಹತ್ತು ನಿಮಿಷ ನಿಲ್ಸಿ. ಅವ್ನು ಬಂದ್ ತಕ್ಷಣ ತೆಗೀಬೇಕು.'

ಸೈಡ್ ಸ್ಟ್ಯಾಂಡ್ ಹಾಕಿದೆ, ನಾಚಿಕೆಯಾಗಿ ಡಬಲ್ ಸ್ಟ್ಯಾಂಡಿಗೆ ಬದಲಿಸಿದೆ. ಸುಮ್ಮನೆ ನಿಲ್ಲುವುದು ಚೆನ್ನಾಗಿರುವುದಿಲ್ಲವೆಂದು ಎರಡು ಮೊಳ ಕಾಕಡ ಕೊಂಡೆ. ಆಕೆ ಚಿಲ್ಲರೆ ಎಣಿಸಿ ಕೊಟ್ಟರು, ಒಂದು ರೂಪಾಯಿ ಕಡಿಮೆ ಮಾಡಲಿಲ್ಲ. ಗೇಟಿನ ಕಡೆಯಿಂದ ನಾದಸ್ವರ ಶುರುವಾಯಿತು. ಅದು ನ್ಯಾಕಿನದೋ ಮದುವೆಯದೋ ತಿಳಿಯಲಿಲ್ಲ. ಅಷ್ಟರಲ್ಲಿ ಸ್ಪ್ಲೆಂಡರ್ ಸಂದಿಗೆ ತಿರುಗಿತು. ಟ್ಯಾಂಕಿನ ಮೇಲೆ ಹಸಿ ಗೋಣಿಯ ಮೂಟೆ, ಅದರ ಮೇಲೆ ಹುಡುಗನ ಗದ್ದ. ನನ್ನನ್ನು ಕಂಡವನು ನಾಲಿಗೆ ಕಚ್ಚಿಕೊಂಡ.

'ಸಾರ್, ಇರ್ಲಿ ಬಿಡಿ ಸಾರ್. ನಾನು ಬೇರೆ ಎಲ್ಲಾದ್ರೂ...'

ಹೂವಮ್ಮ ತಲೆಯೆತ್ತಲಿಲ್ಲ, ಕಾಲ ಹೆಬ್ಬೆರಳಿಗೆ ಸಿಕ್ಕಿಸಿದ ದಾರಕ್ಕೆ ಗಂಟು ಹಾಕುತ್ತಲೇ ಇದ್ದರು. 'ಬೇರೆ ಎಲ್ಲೋ ಯಾಕೆ? ಮೂಟೆ ಇಳ್ಸು ಮೊದ್ಲು.'

ನಾನು ಪಂಚೆ ಎತ್ತಿ ಕಟ್ಟಿಕೊಂಡು, ಪೇಟದ ಡಬ್ಬಿ ಜಾರದಂತೆ ಕಾಲಲ್ಲಿ ಒತ್ತಿಹಿಡಿದು, ಸ್ಟ್ಯಾಂಡ್ ತೆಗೆದೆ.